ಹಡಗಿನ ಮೊದಲ ಹೆಸರು

"ಹಳೇ ಹೆಸರು ಎಲ್ಲಿ ಬರೀಲ್ರಿ?" ಕುಂಚ ಹಿಡಿದೇ ಕೇಳಿದಳು ದಾಕ್ಷಾಯಣಿ.

"ಅದು ಬ್ಯಾಡ. 'ವಿಜಿಲೆಂಟ್' ಅಂತ ಅಷ್ಟ ಬರಿ," ಎಂದ ಗಂಡ ಶ್ರೀಶೈಲ್.

ಕಾಪೆಲ್ ಊರಿನ ಅವರ ಮನೆಯ ಗರಾಜಿನಲ್ಲಿ ಎರಡು ವರ್ಷದಿಂದ ಕಾರಿಗೆ ಜಾಗವಿಲ್ಲ. ಹಳೆಯ ಕಾಲದ ಹಡಗೊಂದರ ಎರಡು ಮೊಳದ ಮರದ ಮಾದರಿ ಅಲ್ಲಿ ಮೇಜನ್ನೇರಿ ಕೂತಿದೆ. ನಾಳೆ ಅದು ಹ್ಯೂಸ್ಟನ್ನಿನ ಪ್ರದರ್ಶನಕ್ಕೆ ಹೊರಡಬೇಕು. ಹಗ್ಗ, ಹಾಯಿ, ತೋಪು ಎಲ್ಲ ಶ್ರೀಶೈಲನ ಕೆಲಸ. ಅಕ್ಷರ ಮಾತ್ರ ರಂಗೋಲಿಯಲ್ಲಿ ಪಳಗಿದ ಹೆಂಡತಿಯ ಕೈಯದು.

ಪ್ರದರ್ಶನಕ್ಕೆಂದು ಗಂಡ ಬರೆದಿಟ್ಟಿದ್ದ ವಿವರದ ಕಾರ್ಡನ್ನು ಅವಳು ಎತ್ತಿಕೊಂಡು ಓದಿದಳು. ಬ್ರಿಟಿಷ್ ನೌಕಾಪಡೆಯಲ್ಲಿ ಹನ್ನೊಂದು ವರ್ಷದ ಸೇವೆ, ವ್ಯಾಪಾರಿ ಹಡಗುಗಳಿಗೆ ಕಾವಲು, ಕೊನೆಗೆ ಒಡೆದು ಮಾರಿದ್ದು.

"ಅದಕ್ಕೂ ಮೊದಲ ಎಲ್ಲಿತ್ರಿ ಇದು?"

"ಫ್ರೆಂಚರ ಕಡೆ. 'ಎಮಿಲಿ' ಅಂತಿತ್ತು. ಸರ್ಕಾರದ ಪರವಾನಗಿ ಇಟ್ಕೊಂಡು ಮೂರು ವರ್ಷ ಇಂಗ್ಲಿಷರ ಹಡಗ ಲೂಟಿ ಮಾಡ್ತು. ಸಿಕ್ಕಿಬಿತ್ತು. ಇಂಗ್ಲಿಷರು ಹೆಸರು ಬದಲಿಸಿ ತಮ್ಮ ಕೆಲಸಕ್ಕ ಹಚ್ಚಿದ್ರು."

"ಹಲಗಿ ಮಾತ್ರ ಅವೇ ಏನ್ರಿ?"

"ಅವೇ."

ದಾಕ್ಷಾಯಣಿ ಕುಂಚ ಕೆಳಗಿಟ್ಟಳು. ತವರಿನಲ್ಲಿ ಅವಳು ಚಂದ್ರಮ್ಮ. ಅತ್ತೆಯ ಹೆಸರೂ ಅದೇ ಆಗಿದ್ದರಿಂದ, ಸೊಸೆಯನ್ನು ಬೈದರೆ ಅತ್ತೆಗೆ ತಗುಲೀತೆಂದು ಹಿರಿಯರು ಮದುವೆಯ ದಿನವೇ ಬೇರೆ ಹೆಸರಿಟ್ಟರು. ಬೈಗುಳವೇನೂ ಕಡಿಮೆಯಾಗಲಿಲ್ಲ, ಹೆಸರಷ್ಟೇ ಹೋಯಿತು. ಅತ್ತೆ ತೀರಿ ಎಂಟು ವರ್ಷ. ಹೋದ ವರ್ಷ ಅಣ್ಣನೂ ತೀರಿಕೊಂಡ ಮೇಲೆ ಅವಳನ್ನು ಚಂದ್ರಮ್ಮ ಎನ್ನುವವರು ಯಾರೂ ಉಳಿದಿಲ್ಲ. ಆ ಸಂಕಟ ಅವಳಿಗೆ ಈಗಲೂ ಆರಿರಲಿಲ್ಲ.

"ಎರಡೂ ಹೆಸರು ಬರೀತೀನ್ರಿ. ಇಲ್ಲಾಂದ್ರ ನೀವ ಬರ್ಕೋರಿ. ನನ್ನ ಹೆಸರೂ ಹಿಂಗ ಹೋತು. ನೀವಾದ್ರೂ ಒಂದ್ಸಲ ಕರೀಬೇಕಿತ್ತು."

ಶ್ರೀಶೈಲ್ ಹಡಗಿನ ಸಡಿಲ ಹಗ್ಗವೊಂದನ್ನು ಬಿಗಿದ. "ಅವ್ವನ ಹೆಸರು ಹಿಡದು ಹೆಂಡತೀನ ಹೆಂಗ ಕರೀಲಿ? ನಾಲಿಗಿ ಏಳೂದಿಲ್ಲ."

ಅವಳು ಮತ್ತೆ ಕುಂಚ ಎತ್ತಿಕೊಂಡಳು. ಹಡಗಿನ ಹಿಂಬದಿಯಲ್ಲಿ 'ಎಮಿಲಿ' ಎಂದು ಬರೆದು, ಅದರ ಕೆಳಗೆ 'ವಿಜಿಲೆಂಟ್' ಎಂದು ಬರೆದಳು. ಅವನು ತಡೆಯಲಿಲ್ಲ. ಹೊಸ ಕಾರ್ಡೊಂದನ್ನು ತೆಗೆದುಕೊಂಡು, ಲೂಟಿಯ ಮೂರು ವರ್ಷಗಳನ್ನೂ ಸೇರಿಸಿ ಮೊದಲಿನಿಂದ ಬರೆಯತೊಡಗಿದ. ಕೊನೆಯ ಸಾಲಿನಲ್ಲಿ 'ಹಡಗು ಕಟ್ಟಿದವರು ಶ್ರೀಶೈಲ್, ಅಕ್ಷರ ಬರೆದವರು' ಎಂಬಲ್ಲಿಗೆ ಪೆನ್ನು ನಿಂತಿತು. ಕನ್ನಡಕ ಒರೆಸಿಕೊಂಡ. ಆಮೇಲೆ ಮುಂದಿನದನ್ನು ಬರೆದು, ಕಾರ್ಡನ್ನು ಅವಳ ಕಡೆಗೆ ಸರಿಸಿದ.

"ನೋಡು, ಸರಿ ಐತೇನು."

ಚಂದ್ರಮ್ಮ ಎಂದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಮತ್ತೆ ಹಡಗಿನ ಕಡೆ ಬಗ್ಗಿ, ಇನ್ನೂ ಹಸಿಯಾಗಿದ್ದ ಮೊದಲ ಹೆಸರಿನ ಮೇಲೆ ಮೆಲ್ಲಗೆ ಊದಿದಳು.