ಎತ್ತದ ಕೈ

ಟಕ್, ಟಕ್ — ಎರಡೇ ಬಡಿತ, ಆಮೇಲೆ ಮೌನ, ಬನ್ನಿ ಎಂದೆನೋ ಇಲ್ಲವೋ, ಬಾಗಿಲು ತೆರೆಯಿತು, ಆದರೆ ಬಂದದ್ದು ಕರೆಯಲ್ಲ, ಚಹಾ. ಇನ್ನೂ ಮುಗಿದಿಲ್ಲ ಮೇಡಂ, ಜೋರಾಗೇ ನಡೀತಿದೆ, ಎನ್ನುತ್ತ ಕಚೇರಿಯ ಹಿರಿಯ ಸಹಾಯಕಿ ಲೋಟವಿಟ್ಟು ಹೋದರು, ಜೋರು ನನ್ನ ಪರವೋ ವಿರುದ್ಧವೋ ಹೇಳದೆ. ಗೋಡೆಯಾಚೆ ಈ ಬಣ್ಣದ ಕಂಪನಿಯ ಏಳು ಜನ ನಿರ್ದೇಶಕರು, ಈಚೆ ನಾನು, ನನ್ನೆದುರು ಮಾದರಿಗಳ ಹಲಗೆ, ಅದರಲ್ಲಿ ಬಿಳಿಯೊಂದೇ ಮೂವತ್ತೊಂದು ಬಗೆ — ಹಾಲುಬಿಳಿ, ಮುತ್ತುಬಿಳಿ, ದಂತಬಿಳಿ, ನನ್ನ ಮುಖದ ಬಿಳಿಗೆ ಮಾತ್ರ ಇನ್ನೂ ಹೆಸರಿಟ್ಟಿಲ್ಲ. ಎಂಟನೆಯ ಕುರ್ಚಿ ನನ್ನದಾಗುವುದೋ ಇಲ್ಲವೋ, ಕೆಲವೇ ನಿಮಿಷಗಳ ಮಾತು; ಆದರೂ ವಿಚಿತ್ರ, ಎದೆ ಹಗುರವಾಗಿದೆ, ಚಹಾ ರುಚಿಸುತ್ತಿದೆ.

ಕುರ್ಚಿ ತಾನಾಗಿ ನಡೆದು ಬರಲ್ಲ, ಬೇಕು ಅಂತ ಹತ್ತು ಜನರ ಕಿವಿಗೆ ಹಾಕಿ, ಎಂದಿದ್ದರು ನನ್ನ ಹಳೆಯ ಮೇಲಧಿಕಾರಿ. ಇಪ್ಪತ್ತಾರು ವರ್ಷ ಕಾರ್ಖಾನೆಗಳ ಸುರಕ್ಷತೆ ಪರೀಕ್ಷಿಸಿ ನಿವೃತ್ತಳಾದವಳು, ಬೆಂಕಿ ಎಲ್ಲಿ ಹೊತ್ತೀತೆಂದು ಮೂಗಿನಿಂದಲೇ ಹೇಳಬಲ್ಲೆ, ನನಗೊಂದು ಕುರ್ಚಿ ಕೊಡಿ ಎನ್ನಲು ಮಾತ್ರ ನಾಲಿಗೆ ಹೊರಳದು — ಆದರೂ ಹೇಳಿದೆ, ಹತ್ತಲ್ಲ, ಹದಿನಾಲ್ಕು ಜನರಿಗೆ, ಎರಡು ವರ್ಷ. ಕಂಪನಿಗಳ ವಾರ್ಷಿಕ ವರದಿ ಓದಲು ಮಗಳ ಬಳಿ ಪಾಠ ಹೇಳಿಸಿಕೊಂಡೆ, ಅಮ್ಮಾ, ಮೊದಲ ಪುಟದ ಫೋಟೋ ಬಿಡು, ಕೊನೇ ಟಿಪ್ಪಣಿ ಓದು, ಬಚ್ಚಿಡೋದೆಲ್ಲ ಅಲ್ಲೇ ಇರುತ್ತೆ. ಮೊದಲು ಚಿಕ್ಕ ಸಮಿತಿಯಲ್ಲಿ ಕೂತು ಕಲಿಯಿರಿ ಎಂದರು ಆ ಹದಿನಾಲ್ಕು ಜನರಲ್ಲೊಬ್ಬರು, ಶಾಲೆಯೊಂದರ ಆಡಳಿತ ಸಮಿತಿಯಲ್ಲಿ ಕೂತೆ, ಒಂಬತ್ತು ಜನ, ಅವರಲ್ಲಿ ಅದೇ ಶಾಲೆಯ ಮಾಜಿ ಮುಖ್ಯೋಪಾಧ್ಯಾಯಿನಿ, ನನ್ನ ಅತ್ತೆ.

ಅಲ್ಲಿಯ ಪದ್ಧತಿಯೇ ಹಾಗೆ — ಶಾಲೆಯ ಅಧ್ಯಕ್ಷರು ಓದುವುದು, ಸರಿ ತಾನೇ ಎನ್ನುವುದು, ಕೈಗಳೇಳುವುದು, ಮುಂದಿನ ವಿಷಯ. ಹೊಸ ಮಹಡಿಯಲ್ಲಿ ತರಗತಿ ಶುರು ಮಾಡೋಣ, ಸರಿ ತಾನೇ, ಎಂಟು ಕೈಗಳೆದ್ದವು, ಅತ್ತೆಯದು ಎಲ್ಲರಿಗಿಂತ ನೆಟ್ಟಗೆ, ನನ್ನದು ಮೇಜಿನ ಮೇಲೇ ಉಳಿಯಿತು. ಇನ್ನೂರು ಮಕ್ಕಳಿಗೆ ಒಂದೇ ಮೆಟ್ಟಿಲ ಸಾಲು, ಬೆಂಕಿ ಬಿದ್ದರೆ ಇಳಿಯುವುದೆಲ್ಲಿಂದ ಎಂದೆ. ಆಯ್ತಮ್ಮ, ನೋಡೋಣ ಎಂದರು ಅಧ್ಯಕ್ಷರು. ನೋಡೋದು ಆಮೇಲೆ, ನಾನು ಒಪ್ಪಿಲ್ಲ ಅಂತ ಬರ್ಕೊಳ್ಳಿ, ಕಾರಣದ ಸಮೇತ, ಎಂದೆ. ಆ ನಡಾವಳಿ ಪುಸ್ತಕದಲ್ಲಿ ಹನ್ನೆರಡು ವರ್ಷಗಳಿಂದ ಅಂಥ ಸಾಲೇ ಬಿದ್ದಿರಲಿಲ್ಲವಂತೆ. ಮುಂದಿನ ತಿಂಗಳಿಂದ ನನಗೆ ಸಭೆಯ ಕರೆಯೂ ಬರಲಿಲ್ಲ. ಅಂದು ಮನೆಗೆ ಮರಳುವಾಗ ಅತ್ತೆ ಕಾರಿನ ಕಿಟಕಿಯಾಚೆ ನೋಡುತ್ತ ಒಂದೇ ಮಾತಾಡಿದ್ದರು, ನಾಲ್ಕು ಜನರ ಮುಂದೆ ಸ್ವಲ್ಪ ತಗ್ಗಿ ನಡೀಬೇಕಮ್ಮ — ಕಣ್ಣ ಮುಂದೆ ಆಗಲೂ ಎದ್ದ ಕೈಗಳೇ, ಈಗಲೂ ಅವೇ.

ಈ ಶಾಲೆ ವಿಷಯ ತೆಗೆದುಬಿಡಿ ಮೇಡಂ, ಜಗಳಗಂಟಿ ಅಂದ್ಕೋತಾರೆ, ಎಂದ ನನ್ನ ಪರಿಚಯಪತ್ರ ತಿದ್ದಿಕೊಟ್ಟ ಸಲಹೆಗಾರ. ತೆಗೆದೆ, ತಪ್ಪಿದ್ದೇ ಅಲ್ಲಿ. ನಿನ್ನೆ ಕಂಪನಿಯ ಅಧ್ಯಕ್ಷೆಯ ಫೋನು, ನೀವು ಹೇಳದೇ ಇದ್ದ ಒಂದು ಪುಟ, ಶಾಲೆಯ ನಡಾವಳಿಯದು, ಒಬ್ಬರು ಕಳಿಸಿದಾರೆ, ನಾಳೆ ಮಾತಾಡೋಣ. ಯಾರು? ಹಳೆಯ ಹಗೆಯಿಂದ ಶಾಲೆಯ ಅಧ್ಯಕ್ಷರೇ, ಇದೇ ಕುರ್ಚಿಗೆ ಅರ್ಜಿ ಹಾಕಿರುವ ವಕೀಲರೇ — ಆ ಪುಸ್ತಕ ಅವರ ಕೈಗೆಟುಕೀತೇ — ಗಂಡನೇ, ಛೆ, ಇವರಿಗೆ ಲಕೋಟೆಗೆ ವಿಳಾಸ ಬರೆಯಲೂ ಸೋಮಾರಿತನ, ನಿನ್ನೆ ನಕ್ಕದ್ದು ಬೇರೆ, ನಿನ್ನ ಒಪ್ಪಿಲ್ಲಗಳನ್ನ ಮನೇಲಿ ಬರೆದಿಟ್ಟಿದ್ರೆ ಇಷ್ಟೊತ್ತಿಗೆ ಲೈಬ್ರರಿ ಆಗಿರ್ತಿತ್ತು. ಇಂದು ಒಳಗೆ ಕೇಳಿಯೇಬಿಟ್ಟರು, ಯಾಕೆ ಮುಚ್ಚಿಟ್ಟಿರಿ? ಹೆದರಿದೆ, ಎಂದೆ, ಬರೆಸಿದ್ದಕ್ಕೆ ಬೇಜಾರಿಲ್ಲ, ಪರಿಚಯಪತ್ರದಲ್ಲಿ ಬಿಟ್ಟಿದ್ದಕ್ಕಿದೆ. ಅಷ್ಟೇ, ಹೊರಗೆ ಕೂರಿಸಿದರು, ಈ ಹಗುರ ಬಂದದ್ದು ಅಲ್ಲಿಂದಲೇ, ಕುರ್ಚಿ ಸಿಗದಿದ್ದರೂ ಈ ಚಹಾದ ರುಚಿ ಕೆಡದು —

ಟಕ್, ಟಕ್, ಈ ಸಲ ಕರೆಯೇ. ಉದ್ದನೆಯ ಮೇಜು, ಬಣ್ಣದ ತೆಳು ವಾಸನೆ, ನಮ್ಮ ಗೋದಾಮಿನಲ್ಲಿ ಒಂದು ಕಿಡಿ ಸಾಕು, ಬೇಡ ಅನ್ನೋರೊಬ್ಬರು ನಮಗೂ ಬೇಕು, ಎನ್ನುತ್ತಾರೆ ಅಧ್ಯಕ್ಷೆ, ನನ್ನೆದುರೇ ಮತ್ತೊಮ್ಮೆ ಕೈ ಎತ್ತಿಸುತ್ತಾರೆ, ಆರು ಕೈಗಳು, ಏಳನೆಯವರಾದ ಮುದುಕರು ಎತ್ತಲಿಲ್ಲ, ನಾನು ಒಪ್ಪಿಲ್ಲ, ಮುಚ್ಚಿಟ್ಟದ್ದು ತಪ್ಪೇ, ಬರ್ಕೊಳ್ಳಿ, ಅಂದರು — ಆ ಕ್ಷಣವೇ ಅವರು ನನಗೆ ಹಿಡಿಸಿದರು. ಕೂತೆ, ಎಂಟನೆಯ ಕುರ್ಚಿ, ಬೆನ್ನಿಗೆ ಹಿತವಾಗಿದೆ. ಅಧ್ಯಕ್ಷೆ ಆ ಪುಟವನ್ನು ನನ್ನತ್ತ ಸರಿಸುತ್ತಾರೆ, ಜೊತೆಗೊಂದು ಚೀಟಿ, ಅಂದು ನಾನು ಕೈ ಎತ್ತಿದ್ದು ತಪ್ಪು, ಈ ಪುಟ ತೋರಿಸಿಯೇ ಶಾಲೆಗೆ ಎರಡನೆಯ ಮೆಟ್ಟಿಲ ಸಾಲು ಕಟ್ಟಿಸಿದೆ, ಇವಳನ್ನು ಕೂರಿಸಿಕೊಳ್ಳಿ, ನೆಮ್ಮದಿ ಮಾತ್ರ ನಿರೀಕ್ಷಿಸಬೇಡಿ — ಕೆಳಗೆ ಸಹಿ, ಓದುತ್ತೇನೆ, ಮತ್ತೆ ಓದುತ್ತೇನೆ, ಅಕ್ಷರಗಳು ಕಾಣುತ್ತಿಲ್ಲ, ಕಾಣುತ್ತಿರುವುದು ಕೈ, ಎಲ್ಲರಿಗಿಂತ ನೆಟ್ಟಗೆ ಎದ್ದಿದ್ದ ಆ ಕೈ, ಆ ಕೈಯೇ —

ಅತ್ತೆ.