ಮೂರು ಚಮಚ ಸಕ್ಕರೆ

ಟಕ್ ಟಕ್, ಪಡಸಾಲೆಯಲ್ಲಿ ಐಸು ಒಡೆಯುವ ಸದ್ದು, ಬಟ್ಟೆಯಲ್ಲಿ ಸುತ್ತಿ ಕುಟ್ಟಾಣಿಯಿಂದ ಹದವಾಗಿ ಕುಟ್ಟುತ್ತಿದ್ದಾಳೆ ಸೊಸೆ ಖುಷ್ನುಮಾ, ಆ ಕುಟ್ಟಾಣಿಯಾದರೂ ಯಾರದು, ತನ್ನ ತವರಿನದು, ಮೂವತ್ತೊಂದು ವರ್ಷ ಶುಂಠಿ ಬೆಳ್ಳುಳ್ಳಿ ಜಜ್ಜಿದ್ದು — ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಅತ್ತೆ ಜೈತುನ್ ಬೀಗೆ ಒಂದೊಂದು ಏಟೂ ತನ್ನ ಎದೆಗೇ ಬಿದ್ದಂತೆ, ಅಲ್ಲಿ ದಿವಾನದ ಮೇಲೆ ಗಂಡ ಉಸ್ಮಾನ್ ಸಾಬ್ ಕಾಲು ಚಾಚಿ ಮಲಗಿದ್ದಾನೆ, ಹೆಬ್ಬೆರಳ ಬುಡ ಕೆಂಪಗೆ ಊದಿ ಮಿರಮಿರ ಅನ್ನುತ್ತಿದೆ, ಹೊದಿಕೆಯ ಅಂಚು ಸೋಕಿದರೂ ಯಾ ಅಲ್ಲಾ ಎನ್ನುತ್ತಾನೆ, ತನ್ನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಇಂಜಿನ್ನು ಎತ್ತಿ ಇಳಿಸಿದ ಗಂಡಸು, ಸ್ವಲ್ಪ ತಡೀರಿ ಅಬ್ಬಾ, ಈಗ ತಣ್ಣಗಾಗ್ತೈತಿ ಅನ್ನುತ್ತಾಳೆ ಅವಳು, ಅಬ್ಬಾ ಅಂತೆ, ಹರಪನಹಳ್ಳಿಯಿಂದ ಈ ಕೊಟ್ಟೂರಿಗೆ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ, ಕಾಲಿನ ಮೇಲೆ ಕೈ ಇಡುವ ಹಕ್ಕು ಬಂದುಬಿಟ್ಟಿದೆ. ಚಳಿಗಾಲದಲ್ಲಿ ಮೊದಲ ಸಲ ಊದಿದಾಗಲೂ ಇವಳದೇ ಮುಂದಾಳುತನ, ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸವಲ್ಲವೇ ಅವಳದು, ಹಗರಿಬೊಮ್ಮನಹಳ್ಳಿಯ ಡಾಕ್ಟರ ಹತ್ತಿರ ಇಬ್ಬರನ್ನೂ ಕರೆದೊಯ್ದಳು, ಡಾಕ್ಟರು ಚೀಟಿ ನೋಡಿ, ಇದು ಗೌಟು, ಬರೇ ಮಟನ್ ತಿಂದದ್ದಕ್ಕ ಬಂದದ್ದಲ್ಲರಿ ಸಾಬ್ರ, ಯೂರಿಕ್ ಆಸಿಡ್ ಒಂಬತ್ತು ದಾಟೈತಿ, ಹೊಟ್ಟಿ ಬಂದೈತಿ, ಬಿಪಿ, ಸಕ್ರಿ, ರಕ್ತದಾಗ ಕೊಬ್ಬು, ಇವೆಲ್ಲ ಒಂದ ಮನಿ ಮಂದಿ, ಒಬ್ಬ ಬಂದ್ರ ಉಳಿದವರನ್ನ ಕರಕೊಂಡ ಬರ್ತಾನ, ಇನ್ಸುಲಿನ್ ಹೇಳಿದ್ದು ಮೈ ಕೇಳದಂಗಾದ್ರ ಕಿಡ್ನಿ ಆಸಿಡ್ಡನ್ನ ಹೊರಗ ಹಾಕೂದಿಲ್ಲ, ಹಿಡಕೊಂಡು ಕೂಡ್ತೈತಿ — ಆಮೇಲೆ ಅತ್ತೆಯ ಕಡೆ ತಿರುಗಿ, ಚಾಕ್ಕ ಸಕ್ರಿ ಎಷ್ಟು ಹಾಕ್ತೀರಮ್ಮ? ಮೂರು ಚಮಚ್ರಿ ಅಂದಿದ್ದಳು ಜೈತುನ್ ಬೀ, ಹೆಮ್ಮೆಯಿಂದಲೇ ಅಂದಿದ್ದಳು, ನಿಕಾಹ್ ಆದ ಮರುದಿನ ಆತ ಬಾಯಿಬಿಟ್ಟು ಕೇಳಿದ್ದು ಅದೊಂದೇ, ಮೂರು ಚಮಚ, ದಿನಕ್ಕೆ ಆರು ಸಲ, ಒಂದು ದಿನವೂ ತಪ್ಪಿಸಿದವಳಲ್ಲ, ಡಾಕ್ಟರ ಪೆನ್ನು ನಿಂತಿತು, ಸೊಸೆ ನೆಲ ನೋಡಿದಳು, ಬೈದಿದ್ದರೆ ಚೆನ್ನಾಗಿತ್ತು, ನೆಲ ನೋಡಿದಳು.

ಅಲ್ಲಿಂದ ಒಲೆ ಅವಳದಾಯಿತು, ನವಣೆ ಅನ್ನ, ಸೌತೆಕಾಯಿ, ಸಪ್ಪನೆ ಚಹಾ, ಮುಂಜಾನೆ ಸ್ಟೇಷನ್ನಿನವರೆಗೆ ಮಾವ ಸೊಸೆ ನಡಿಗೆ, ನಗುತ್ತ ಹೋಗುವುದು ನಗುತ್ತ ಬರುವುದು, ತನ್ನ ಜೊತೆ ಆತ ನಡೆದದ್ದು ಯಾವಾಗ, ಉರುಸಿನ ಗದ್ದಲದಲ್ಲೂ ನಾಲ್ಕು ಹೆಜ್ಜೆ ಮುಂದೆಯೇ — ಮೂರು ತಿಂಗಳಿಗೆ ಬೆಲ್ಟಿನ ತೂತು ಎರಡು ಒಳಗೆ ಬಂತು, ಒಂಬತ್ತು ಇದ್ದದ್ದು ಆರಕ್ಕೆ ಇಳಿಯಿತು, ಗ್ಯಾರೇಜಿಗೆ ಬಂದವರಿಗೆಲ್ಲ ಆತ ಕಾಲು ಕುಣಿಸಿ ತೋರಿಸಿದ, ಎಲ್ಲಾ ನನ್ನ ಬೇಟೀ ಕೈಗುಣ ನೋಡ್ರಿ. ಕೈಗುಣ! ಆ ಮಾತು ಮೂವತ್ತೊಂದು ವರ್ಷ ಯಾರದಾಗಿತ್ತು? ಮೊನ್ನೆ ಅಕ್ಕನ ಬಾಣಂತನವೆಂದು ಅವಳು ಮೂರು ದಿನ ತವರಿಗೆ ಹೋದಳು, ಜೈತುನ್ ಬೀ ಕುಕ್ಕರಿಗೆ ಕಾಲುಸೂಪು ಇಟ್ಟಳು, ಕಲೇಜಿ, ಕುರಿಯ ಲಿವರು, ಹುರಿದಳು, ನಿಂಬೆ ಶರಬತ್ತಿಗೆ ಸಕ್ಕರೆಯನ್ನು ಲೆಕ್ಕವಿಲ್ಲದೆ ಸುರಿದಳು, ಕಾಲು ಊದಲಿ ಅಂತಲ್ಲ, ಖುದಾ ಬಲ್ಲ, ಆತ ಬೆರಳು ನೆಕ್ಕಲಿ ಅಂತ, ನೆಕ್ಕಿದ, ಲೇ ಜೈತುನ್, ಈ ರುಚಿ ಮರತ ಹೋಗಿತ್ತಲೇ ಅಂದ, ಮೂರು ದಿನವೂ ಅಂದ, ಆ ಮೂರು ದಿನ ಅವಳು ಮದುವಣಗಿತ್ತಿ — ನಾಲ್ಕನೆಯ ಬೆಳಗು ಬೆರಳು ಕೆಂಡವಾಗಿತ್ತು.

ಇಂದು ಮೊದಲ ಬಸ್ಸಿಗೆ ಬಂದಿಳಿದ ಖುಷ್ನುಮಾ ಬುರ್ಖಾ ಕೂಡ ತೆಗೆಯದೆ ಕೇಳಿದಳು, ಏನು ತಿಂದ್ರಿ ಅಬ್ಬಾ, ಯಾರು ಕೊಟ್ರು? ಉಸ್ಮಾನ್ ಸಾಬ್ ಗೋಡೆ ನೋಡುತ್ತ, ನಾನ ಹೋಟೆಲ್ಲಿನಾಗ ತಿಂದೆ ಬೇಟೀ, ನಿಮ್ಮ ಅಮ್ಮಿಗೆ ಗೊತ್ತಿಲ್ಲ. ಆ ಸುಳ್ಳು ಕಿವಿಗೆ ಬಿದ್ದದ್ದೇ ಜೈತುನ್ ಬೀಯ ಒಳಗೆ ಹಾಲುಕ್ಕಿದಂತಾಯಿತು, ನನಗಾಗಿ ಸುಳ್ಳು ಹೇಳಿದ, ಅವಳಿಗೆ ಹೇಳಿದ, ನನ್ನವನೇ — ಆತ ಹಲ್ಲು ಕಚ್ಚಿ ನರಳುತ್ತಿದ್ದಾನೆ, ತನಗೆ ಖುಷಿ, ಥೂ, ಎಂಥ ಹೆಂಗಸು ನಾನು, ಅನ್ನುವಷ್ಟರಲ್ಲಿ ಅಮ್ಮೀ ಬರ್ರಿ, ಐಸು ನೀವು ಹಿಡೀರಿ, ಡಾಕ್ಟರಿಗೆ ಫೋನ್ ಹಚ್ತೀನಿ ಎಂದು ಸೊಸೆ ಎದ್ದು ಜಾಗ ಬಿಟ್ಟಳು, ಹಾಗೆ ಸುಮ್ಮನೆ ಬಿಟ್ಟುಕೊಟ್ಟಳು, ಹೋಟೆಲ್ಲಲ್ಲ, ನಾನ ಮಾಡಿ ಹಾಕ್ದೆ ಎಂದು ಜೈತುನ್ ಬೀ ಪಿಸುಗುಟ್ಟಿದಳು, ಗೊತ್ತೈತಿ ಅಮ್ಮಿ, ಕುಕ್ಕರಿನ ರಬ್ಬರಿನಾಗ ವಾಸನಿ ಇನ್ನೂ ಹೋಗಿಲ್ಲ, ಸೊಸೆ ಅಂದದ್ದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅಂದುಕೊಳ್ಳುತ್ತ ಜೈತುನ್ ಬೀ ಐಸಿನ ಗಂಟು ಹಿಡಿದು ದಿವಾನದ ತುದಿಗೆ ಕೂತಳು, ಕೈ ಚಾಚಿದಳು, ಬಳೆ ಸದ್ದಾಯಿತು, ಮುಚ್ಚಿದ ಕಣ್ಣು ಮುಚ್ಚಿದಂತೆಯೇ ಇತ್ತು ಆತನದು, ಸೊಸೆಯ ಕೈಗೆ ಅಲುಗದಿದ್ದ ಕಾಲು ಮಾತ್ರ ಸರಕ್ಕನೆ ಹಿಂದಕ್ಕೆ ಹೋಯಿತು, ಇನ್ನೂ ಮುಟ್ಟಿರಲಿಲ್ಲ, ಗೇಣು ದೂರವಿತ್ತು ಕೈ, ನಾನ್ರಿ ಅಂದಳು, ಹೂಂ ಅಂದ, ಐಸಿನ ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿದೆ, ಕಾಲು ಹಿಂದಕ್ಕೆ ಹೋಯಿತು, ಮುಟ್ಟಿರಲಿಲ್ಲ, ಹಿಂದಕ್ಕೆ ಹೋಯಿತು, ಕಾಲು —