ನಲವತ್ತೆಂಟು ಕಿಲೋ ಒಳಗೆ

ಮೇಷ್ಟ್ರಿಗೆ ಸಿಟ್ಟು ಎಲ್ಲಿಂದಲೋ ಬರಬೇಕಾಗಿರಲಿಲ್ಲ, ಅದು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಅವತ್ತು ಬೆಳಿಗ್ಗೆ ಐದೂವರೆಗೆ ತೂಕದ ಮಿಷನ್ನಿನಲ್ಲಿ ಕೆಂಪು ಅಂಕಿ ನಲವತ್ತೊಂಬತ್ತು ಪಾಯಿಂಟ್ ನಾಲ್ಕು ಅಂತ ತೋರಿಸಿದ್ದೇ ತಡ, ಮೂಗಿನಿಂದ ಕೈಗೆ ಇಳಿಯಿತು. ಫಟಾರನೆ ಒಂದು ಬಿತ್ತು. ಮಿಷನ್ನಿನ ಮೇಲೆ ನಿಂತಿದ್ದ ಹುಡುಗಿ ಮಂಚದ ಅಂಚಿಗೆ ಸೊಂಟ ಬಡಿಸಿಕೊಂಡು ಕೆಳಗೆ ಬಿದ್ದಳು.

"ಏನು ತಿಂದೆ?"

"ಏನೂ ತಿಂದಿಲ್ಲ ಮಾವ."

ಮೇಷ್ಟ್ರು ಅಂದರೆ ದೇಶದ ಕಿರಿಯರ ತಂಡದ ಬಾಕ್ಸಿಂಗ್ ಕೋಚು. ಹುಡುಗಿ ಅವರ ಸ್ವಂತ ಅಕ್ಕನ ಮಗಳು. ಆರು ವರ್ಷದವಳಿದ್ದಾಗ ಅವರ ಬೆರಳು ಹಿಡಿದುಕೊಂಡು ಗರಡಿಗೆ ಬಂದವಳಿಗೆ ಈಗ ಹದಿನೇಳು. ನಿಂತಲ್ಲಿ ನಿಲ್ಲದ ಹುಡುಗಿ ಅಂತ ತಂಡದವರು ಚಿನಕುರಳಿ ಅಂತಲೇ ಕರೆಯುತ್ತಿದ್ದರು. ಐವತ್ತು ದೇಶದ ಮಕ್ಕಳು ಸೇರಿದ ಕ್ರೀಡಾಕೂಟ ಅದು. ಈಜು, ಓಟ, ಜೂಡೋ, ಒಂದೊಂದರಲ್ಲೂ ಇವರ ತಂಡ ಸೋತು ಸುಣ್ಣವಾಗಿತ್ತು. ಚಿನ್ನ ಅಂತ ಇನ್ನೇನಾದರೂ ಬರುವುದಿದ್ದರೆ ಅದು ಚಿನಕುರಳಿಯಿಂದ, ಅದೂ ಅವತ್ತು ಮಧ್ಯಾಹ್ನ ಮೂರು ಗಂಟೆಯ ಫೈನಲ್‌ನಲ್ಲಿ. ಅದಕ್ಕೆ ಮುಂಚೆ ಎಂಟು ಗಂಟೆಗೆ ಅಧಿಕೃತ ತೂಕ. ನಲವತ್ತೆಂಟರ ಮೇಲೆ ನೂರು ಗ್ರಾಮ್ ಜಾಸ್ತಿಯಿದ್ದರೂ ರಿಂಗ್ ಹತ್ತುವ ಹಾಗಿಲ್ಲ, ಗಂಟುಮೂಟೆ ಕಟ್ಟಬೇಕು.

"ನಿನ್ನೆ ನಲವತ್ತೇಳೂವರೆ ಇದ್ದೆ. ರಾತ್ರಿ ಬೆಳಗಾಗೋದ್ರೊಳಗೆ ಎರಡು ಕಿಲೋ ಗಾಳಿ ಕುಡಿದ್ಯಾ? ಏನು ತಿಂದೆ ಹೇಳು!"

"ದೇವರಾಣೆ ಮಾವ. ರಾತ್ರಿ ಅರ್ಧ ಲೋಟ ನೀರು ಕುಡಿದಿದ್ದು ಬಿಟ್ರೆ ಏನೂ ಇಲ್ಲ."

"ಮಿಷನ್ನು ಸುಳ್ಳು ಹೇಳುತ್ತಾ?"

ಆ ಮಿಷನ್ನು ಮೇಷ್ಟ್ರ ಸ್ವಂತದ್ದು. ಹೋದಲ್ಲೆಲ್ಲ ಹಳೇ ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ವಿಮಾನದಲ್ಲಿ ಕೂರುತ್ತಿದ್ದರು. ಹೆಂಡತಿಯ ಮಾತು ನಂಬದಿದ್ದರೂ ಮಿಷನ್ನಿನ ಮಾತು ನಂಬುವ ಮನುಷ್ಯ. ಒಂದು ವಾರ ಅದು ಕೆಳಗಿನ ಮಹಡಿಯ ಕೋಣೆಯಲ್ಲಿ ಬರೀ ನೆಲದ ಮೇಲಿತ್ತು. ಹಿಂದಿನ ಸಂಜೆ ಆ ಕೋಣೆಯ ಮೇಲೆ ನೀರಿನ ಪೈಪು ಒಡೆದು, ಹಾಸ್ಟೆಲಿನವರು ಇವರನ್ನು ಮೂರನೇ ಮಹಡಿಗೆ ಸಾಗಹಾಕಿದ್ದರು. ಹೊಸ ಕೋಣೆ, ಒಳ್ಳೇ ಮಂಚ, ಕಾಲಿಟ್ಟರೆ ಪಾದ ಮುಳುಗುವಷ್ಟು ದಪ್ಪ ಕಾರ್ಪೆಟ್ಟು. ಮಿಷನ್ನು ಈಗ ಆ ಕಾರ್ಪೆಟ್ಟಿನ ಮೇಲಿತ್ತು.

ಮೇಷ್ಟ್ರಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಎರಡೂವರೆ ಗಂಟೆ ಟೈಮು, ಒಂದೂವರೆ ಕಿಲೋ ಇಳಿಸಬೇಕು. ತಲೆಯಲ್ಲಿ ಇದ್ದದ್ದು ಇಷ್ಟೇ.

ಬಚ್ಚಲುಮನೆಯಲ್ಲಿ ಬಿಸಿನೀರು ಪೂರ್ತಿ ತಿರುಗಿಸಿ ಬಾಗಿಲು ಹಾಕಿದರು. ಹಬೆ ತುಂಬಿತು. ಹುಡುಗಿಗೆ ಪ್ಲಾಸ್ಟಿಕ್ ಶೀಟು ಸುತ್ತಿ, ಅದರ ಮೇಲೆ ಎರಡು ಸ್ವೆಟರು ತೊಡಿಸಿ, ಕೈಗೆ ಸ್ಕಿಪ್ಪಿಂಗ್ ಹಗ್ಗ ಕೊಟ್ಟರು. ಇನ್ನೊಂದು ಹಗ್ಗ ತಾವು ಹಿಡಿದರು. ಅವಳು ಕುಣಿಯಬೇಕು, ನಿಂತರೆ ಮೀನಖಂಡಕ್ಕೆ ಬೀಳುತ್ತಿತ್ತು. ಬಾಸುಂಡೆ ರಿಂಗಿನಲ್ಲಿ ಕಾಣಬಾರದಲ್ಲ, ಅದಕ್ಕೆ ಸಾಕ್ಸು ಮುಚ್ಚುವ ಜಾಗ ನೋಡಿ ನೋಡಿ ಹೊಡೆಯುತ್ತಿದ್ದರು. ಅಷ್ಟು ಲೆಕ್ಕಾಚಾರ ಇತ್ತು ಆ ಸಿಟ್ಟಿಗೆ.

"ತಿಂದೆ ಅಂತ ಒಪ್ಕೋ, ಹಗ್ಗ ಕೆಳಗಿಡ್ತೀನಿ."

"ತಿಂದಿಲ್ಲ."

ಸಟ್.

"ಒಪ್ಕೊಳ್ಳೇ!"

"ತಿಂದಿಲ್ಲ ಮಾವ."

ತಂಡದ ಮಾಲೀಶಿನ ಹೆಂಗಸು, ಎಲ್ಲರೂ ಅಕ್ಕ ಅನ್ನುವವಳು, ಬಾಗಿಲು ತಳ್ಳಿ ಒಳಗೆ ಬಂದಳು. "ಮೇಷ್ಟ್ರೇ, ಮಗು ಸತ್ತುಹೋಗುತ್ತೆ. ಬಿಡ್ರೀ ಸಾಕು."

"ನಿನ್ನ ಎಣ್ಣೆ ಬಾಟ್ಲಿ ನೋಡ್ಕೋ ಹೋಗು."

ಒಂದು ಗಂಟೆಯಾದ ಮೇಲೆ ಮಿಷನ್ನು ನಲವತ್ತೆಂಟು ಪಾಯಿಂಟ್ ಒಂದು ಅಂದಿತು. ಹುಡುಗಿಯ ಬೆವರು ನಿಂತುಹೋಗಿತ್ತು, ತುಟಿ ಒಡೆದು ಬಿಳಿಚಿತ್ತು. ಉಗುಳಿದಷ್ಟೂ ತೂಕ ಇಳಿಯುತ್ತದಲ್ಲ, ಲೋಟ ಕೊಟ್ಟು ಉಗುಳು ಅಂದರು, ಉಗುಳಲು ಬಾಯಲ್ಲಿ ಏನೂ ಇರಲಿಲ್ಲ. ಆಗ ಮೇಷ್ಟ್ರ ಕಣ್ಣು ಜಡೆಯ ಮೇಲೆ ಬಿತ್ತು. ಸೊಂಟದವರೆಗಿನ ಜಡೆ, ನೂರು ಗ್ರಾಮಾದರೂ ತೂಗೀತು. ಕೈಗೆ ಸುತ್ತುವ ಪಟ್ಟಿ ಕತ್ತರಿಸುವ ಕತ್ತರಿ ತಗೊಂಡು, ಹುಡುಗಿಯ ಕುತ್ತಿಗೆಯನ್ನು ಮೊಣಕಾಲಲ್ಲಿ ಅದುಮಿ ಹಿಡಿದು, ಕರಕರ ಅಂತ ಬುಡದಿಂದ ಕತ್ತರಿಸಿದರು. ಕತ್ತರಿ ಮೊಂಡಾಗಿತ್ತು. ಅರ್ಧ ಕತ್ತರಿಸಿತು, ಅರ್ಧ ಕಿತ್ತು ಬಂತು. ಏಟಿಗೆಲ್ಲ ತುಟಿಪಿಟಕ್ಕೆನ್ನದ ಹುಡುಗಿ ಆಗ ಕಿರುಚಿದಳು.

ಕಿರುಚಿದ್ದು ಕೇಳಿ ಕಾರಿಡಾರಿನಲ್ಲಿದ್ದ ಜೂಡೋದವರು, ಓಟದವರು ಬಾಗಿಲ ಹತ್ತಿರ ಗುಂಪುಗೂಡಿದರು. ಮೇಷ್ಟ್ರು ಅವಳ ರಟ್ಟೆ ಹಿಡಿದು ಎಳೆದು ತಂದು ಎಲ್ಲರೆದುರು ನಿಲ್ಲಿಸಿದರು.

"ನೋಡ್ಕೊಳ್ಳಿ ಈ ಕಳ್ಳಿ ಮುಖಾನ! ದೇಶದ ಚಿನ್ನ ಕದ್ದು ತಿಂದು ಸುಳ್ಳು ಬೊಗಳ್ತಾಳೆ."

ಹುಡುಗಿ ನೆಲ ನೋಡುತ್ತಾ ನಿಂತಳು.

ಎಂಟು ಗಂಟೆಗೆ ಅಧಿಕೃತ ತೂಕದ ಮಿಷನ್ನು ಹತ್ತಿದಳು. ನಲವತ್ತಾರು ಪಾಯಿಂಟ್ ಒಂದು.

ಮೇಷ್ಟ್ರು ಕಣ್ಣುಜ್ಜಿಕೊಂಡರು. ಮಿಷನ್ನು ಕೆಟ್ಟಿದೆ, ಇನ್ನೊಂದು ಸಲ ನೋಡಿ ಅಂತ ಕೈಸನ್ನೆ ಬಾಯಿಸನ್ನೆಯಲ್ಲಿ ಜಗಳವಾಡಿದರು. ಇನ್ನೊಂದು ಸಲವೂ ಅದೇ. ತೂಕ ನೋಡುವ ಹೆಂಗಸು ಅನುಮಾನದಿಂದ ಹುಡುಗಿಯ ಕತ್ತರಿಸಿದ ಕೂದಲನ್ನೇ ದಿಟ್ಟಿಸಿ, ಬರೆದುಕೊಂಡು, ಮುಂದಿನವರನ್ನು ಕರೆದಳು.

ಅಕ್ಕ ಕೋಣೆಗೆ ಬಂದವಳೇ ಮೇಷ್ಟ್ರ ಮಿಷನ್ನನ್ನು ಎತ್ತಿ ಕಾರಿಡಾರಿನ ಕಲ್ಲುನೆಲದ ಮೇಲೆ ಇಟ್ಟಳು. "ಹತ್ತಮ್ಮ." ನಲವತ್ತಾರು ಪಾಯಿಂಟ್ ಒಂದು. ಮತ್ತೆ ಒಳಗೆ ತಂದು ಕಾರ್ಪೆಟ್ಟಿನ ಮೇಲೆ ಇಟ್ಟಳು. "ಹತ್ತು." ನಲವತ್ತೆಂಟು. ಕಾರ್ಪೆಟ್ಟಿನ ಮೆತ್ತೆಯಲ್ಲಿ ಮಿಷನ್ನಿನ ಕಾಲು ಹೂತು ಹೋಗಿ, ಇಲ್ಲದ ಎರಡು ಕಿಲೋ ತೋರಿಸುತ್ತಿತ್ತು. ಅಂದರೆ ಬೆಳಿಗ್ಗೆ ಎದ್ದಾಗ ಹುಡುಗಿ ನಲವತ್ತೇಳೂವರೆಯೇ ಇದ್ದಳು. ಒಂದು ಹನಿ ಬೆವರೂ ಬೇಕಾಗಿರಲಿಲ್ಲ, ಒಂದು ಏಟೂ ಬೇಕಾಗಿರಲಿಲ್ಲ, ಅಯ್ಯೋ, ಆ ಜಡೆ ಕತ್ತರಿಸುವುದಂತೂ ಬೇಕಾಗಿರಲೇ ಇಲ್ಲ.

ಮೇಷ್ಟ್ರು ಬಗ್ಗಿ ಕಾರ್ಪೆಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. ಕೊನೆಗೆ ಬಾಯಿಂದ ಬಂದದ್ದು ಇಷ್ಟು: "ಹೋಗ್ಲಿ ಬಿಡು. ಈಗ ಚೆನ್ನಾಗಿ ನೀರು ಕುಡಿ. ಇನ್ನೂ ಟೈಮಿದೆ."

"ಮಾವ," ಅಂದಳು ಹುಡುಗಿ, "ಎಲ್ಲರೆದುರು ಕಳ್ಳಿ ಅಂದ್ಯಲ್ಲ. ಅವರೆದುರಿಗೇ ಒಂದ್ಸಲ ಹೇಳ್ಬಿಡು, ಇವಳು ತಿಂದಿರ್ಲಿಲ್ಲ ಅಂತ. ಹೊಡೆದಿದ್ದಕ್ಕೆ ನಾನೇನೂ ಕೇಳಲ್ಲ. ಇಷ್ಟು ಹೇಳಿದ್ರೆ ಸಾಕು."

"ಆಯ್ತು ಆಯ್ತು, ಆಮೇಲೆ ನೋಡೋಣ."

"ಈಗ ಹೇಳು ಮಾವ. ಎಲ್ಲ ಕೆಳಗೆ ತಿಂಡಿಗೆ ಕೂತಿದಾರೆ."

"ಫೈನಲ್ ಇರೋ ದಿನ ಇದೇನೇ ಪಂಚಾಯ್ತಿ? ನೀರು ಕುಡಿ ಅಂದ್ನಲ್ಲ!"

ಮೇಷ್ಟ್ರಿಗೆ ಹೇಳಬಾರದು ಅಂತ ಇರಲಿಲ್ಲ. ಮೂವತ್ತು ವರ್ಷದಿಂದ ಯಾರ ಮುಂದೆಯೂ ತಪ್ಪಾಯ್ತು ಅಂದವರಲ್ಲ, ಅಭ್ಯಾಸವೇ ಇಲ್ಲ. ಆ ಮಾತು ಗಂಟಲಿಗೆ ಬಂದು, ಒಣ ಅವಲಕ್ಕಿಯ ಹಾಗೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಗೆದ್ದ ಮೇಲೆ ಹೇಳಿದರಾಯ್ತು, ಗೆದ್ದ ಖುಷಿಯಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ ಅಂದುಕೊಂಡರು.

ಹುಡುಗಿ ಕುಡಿದ ನೀರೆಲ್ಲ ವಾಂತಿ ಮಾಡಿಕೊಂಡಳು. ಮತ್ತೆ ಕುಡಿದಳು, ಮತ್ತೆ ವಾಂತಿ. ಅಕ್ಕ ಮೇಷ್ಟ್ರನ್ನು ಮೂಲೆಗೆ ಕರೆದಳು. "ಒಣಗಿದ ಮೈಗೆ ತಲೆ ಏಟು ತಡಿಯೋ ಶಕ್ತಿ ಇರಲ್ಲ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಡಾಕ್ಟ್ರಿಗೆ ಹೇಳ್ರೀ."

"ಡಾಕ್ಟ್ರಿಗೆ ಹೇಳಿದ್ರೆ ಆಟ ಕ್ಯಾನ್ಸಲ್. ಬಾಯಿ ಮುಚ್ಕೊಂಡಿರು."

ಮೂರು ಗಂಟೆಗೆ ರಿಂಗಿನ ಗಂಟೆ ಹೊಡೆಯಿತು.

ಎದುರಾಳಿ ಇವಳಿಗಿಂತ ಒಂದು ಗೇಣು ಎತ್ತರದ ಹುಡುಗಿ, ಕೈ ಉದ್ದ. ಮೊದಲ ಸುತ್ತಿನಲ್ಲಿ ಚಿನಕುರಳಿಯ ಕಾಲು ಏಳಲೇ ಇಲ್ಲ. ನೇರ ಗುದ್ದು ಒಂದಾದ ಮೇಲೆ ಒಂದು ಬಂದು ಹಣೆಗೆ, ಕೆನ್ನೆಗೆ ಬಡಿಯುತ್ತಿತ್ತು. ಹುಬ್ಬಿನ ಮೇಲೆ ಚರ್ಮ ಸೀಳಿತು. ಎರಡನೇ ಸುತ್ತಿನಲ್ಲಿ ಅದೇನು ಬಂತೋ ಮೈಮೇಲೆ, ತಲೆ ತಗ್ಗಿಸಿ ಒಳಗೆ ನುಗ್ಗಿದಳು. ಪಕ್ಕೆಗೆ ಎರಡು, ದವಡೆಗೆ ಒಂದು. ಎತ್ತರದ ಹುಡುಗಿ ಹಲ್ಲಿಗೆ ಹಾಕಿದ್ದ ಬಾಯಿಗವಸು ಹಾರಿ ಹಗ್ಗದಾಚೆ ಬಿತ್ತು, ಮೊಣಕಾಲು ಕುಸಿಯಿತು. ರೆಫರಿ ಎಂಟರವರೆಗೆ ಎಣಿಸಿದ. ಎದ್ದವಳನ್ನು ಮತ್ತೆ ಮೂಲೆಗೆ ಒತ್ತಿ, ರಕ್ತ ಎಗರುವ ಹಾಗೆ ಜಪ್ಪಿದಳು. ಮೇಷ್ಟ್ರು ಕೆಳಗೆ ನಿಂತು ಒಂದೇ ಸಮ ಕಿರುಚಿದರು, "ಹಾಕು! ಹಾಕು ಇನ್ನೊಂದು!"

ವಿರಾಮದಲ್ಲಿ ಸ್ಟೂಲಿನ ಮೇಲೆ ಕೂತಳು. ಅಂಕದಲ್ಲಿ ಇವಳೇ ಮುಂದೆ, ಇನ್ನು ಉಳಿದದ್ದು ಒಂದೇ ಸುತ್ತು. ಮೇಷ್ಟ್ರ ಹಿಂದಿನ ಸಾಲಿನಲ್ಲೇ ತಂಡವೆಲ್ಲ ಕೂತಿತ್ತು, ಜೂಡೋದವರು, ಓಟದವರು, ಮ್ಯಾನೇಜರ್ ಸಾಹೇಬರು.

"ಎರಡು ನಿಮಿಷ ಕೈ ಮೇಲಿಟ್ಕೊಂಡು ದೂರ ನಿಂತ್ರೆ ಚಿನ್ನ ನಮ್ದು ಕಣೇ," ಅಂದರು ಮೇಷ್ಟ್ರು, ಅವಳ ಮುಖ ಒರೆಸುತ್ತಾ.

"ಎಲ್ಲ ಇಲ್ಲೇ ಇದಾರೆ ಮಾವ. ಈಗ ಹೇಳ್ತೀಯಾ?"

"ತಲೆ ಕೆಟ್ಟಿದ್ಯಾ ನಿಂಗೆ? ಏಳು!"

ಎದ್ದಳು. ಗಂಟೆ ಹೊಡೆದರೂ ಮುಂದೆ ಹೋಗದೆ ತನ್ನ ಮೂಲೆಯಲ್ಲೇ ನಿಂತು, ಎರಡೂ ಕೈ ಕೆಳಗೆ ಬಿಟ್ಟು, ಮುಖ ಮೇಷ್ಟ್ರ ಕಡೆಗೆ ತಿರುಗಿಸಿದಳು.

ಎತ್ತರದ ಹುಡುಗಿ ಒಂದು ಕ್ಷಣ ಅನುಮಾನಿಸಿ ಹೊಡೆದಳು. ತಲೆ ಹಿಂದಕ್ಕೆ ಹೋಗಿ ಬಂತು. ಚಿನಕುರಳಿ ಕೈ ಎತ್ತಲಿಲ್ಲ.

"ಕೈ ಎತ್ತೇ!" ಮೇಷ್ಟ್ರು ಅರಚಿದರು.

"ಹೇಳು," ಅಂದಳು, ಬಾಯಿಗವಸಿನ ಸಂದಿಯಿಂದ.

ಇನ್ನೊಂದು ಏಟು. ಮೂಗಿನ ಮೂಳೆ ಮುರಿದದ್ದು ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ರಕ್ತ ಗದ್ದದಿಂದ ಎದೆಗೆ ಇಳಿಯಿತು. ರೆಫರಿ ತಡೆದು ಎಣಿಸಿದ, ಅವಳು ಕೈಯೆತ್ತಿ ತಲೆಯಾಡಿಸಿ ಆಡುತ್ತೇನೆ ಅಂದಳು. ಅವನು ಪಕ್ಕಕ್ಕೆ ಸರಿದದ್ದೇ ಮತ್ತೆ ಕೈ ಕೆಳಗೆ.

"ಹೇಳು ಮಾವ."

ಕಿವಿಯ ಮೇಲೆ ಒಂದು. ಕಣ್ಣಿನ ಮೇಲೆ ಒಂದು. ಮೇಷ್ಟ್ರಿಗೆ ಪ್ರತಿ ಏಟಿನ ಲೆಕ್ಕ ಗೊತ್ತಿತ್ತು, ಒಣಗಿದ ತಲೆ ಎಷ್ಟು ತಡೆಯುತ್ತದೆ ಅನ್ನುವುದೂ ಗೊತ್ತಿತ್ತು. ಹೇಳಬೇಕಾದದ್ದು ಎರಡು ಮಾತು. ತಿಂದಿರ್ಲಿಲ್ಲ, ತಪ್ಪು ನಂದು. ಬಾಯಿ ತೆಗೆದರು. ಹಿಂದಿನ ಸಾಲಿನಲ್ಲಿ ಮ್ಯಾನೇಜರ್ ಸಾಹೇಬರು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಅಕ್ಕ ಭುಜ ಹಿಡಿದು ಅಲ್ಲಾಡಿಸಿದಳು, "ಹೇಳ್ರೀ! ಸಾಯ್ತಾಳೆ, ಹೇಳ್ರೀ!" ಮಾತು ಹೊರಡಲೇ ಇಲ್ಲ. ಚಿನಕುರಳಿಯ ಕಾಲು ತಡವರಿಸಿತು, ಎತ್ತರದ ಹುಡುಗಿ ಬಲಗೈ ಹಿಂದಕ್ಕೆ ಎಳೆದಳು.

ಮೇಷ್ಟ್ರು ಹೆಗಲ ಮೇಲಿನ ಟವೆಲ್ಲನ್ನು ರಿಂಗಿನೊಳಗೆ ಎಸೆದರು.

ಟವೆಲ್ ಎಸೆದರೆ ಸೋಲೊಪ್ಪಿದ ಹಾಗೆ. ರೆಫರಿ ಅಡ್ಡ ಬಂದು ಆಟ ನಿಲ್ಲಿಸಿದ, ಎತ್ತರದ ಹುಡುಗಿಯ ಕೈ ಮೇಲೆತ್ತಿದ. ಹುಡುಗಿಯ ಪ್ರಾಣ ಉಳಿಯಿತು, ನಿಜ. ಆದರೂ ಹೇಳುತ್ತೇನೆ, ಮೇಷ್ಟ್ರಿಗೆ ಆ ಎರಡು ಮಾತು ಎಸೆಯುವುದಕ್ಕಿಂತ ಚಿನ್ನ ಎಸೆಯುವುದೇ ಸುಲಭವಾಯಿತು.

ಡಾಕ್ಟರ ಕೋಣೆಯಲ್ಲಿ ಹುಡುಗಿಯ ಮೂಗಿಗೆ ಹತ್ತಿ ತುರುಕಿ, ಹುಬ್ಬಿಗೆ ಐದು ಹೊಲಿಗೆ ಹಾಕಿದರು. ಬಾಗಿಲಲ್ಲಿ ತಂಡವೆಲ್ಲ ಸೇರಿತ್ತು. ಮ್ಯಾನೇಜರ್ ಸಾಹೇಬರು ಬಂದವರೇ ಹಾರಾಡಿದರು. "ಏನ್ರೀ ಮೇಷ್ಟ್ರೇ ಇದು? ಗೆಲ್ಲೋ ಆಟ! ಯಾಕ್ರೀ ಟವೆಲ್ ಎಸೆದಿದ್ದು? ಹುಡುಗಿ ಯಾಕೆ ಮರದ ಹಾಗೆ ನಿಂತ್ಲು?"

ಹುಡುಗಿ ಊದಿದ ಕಣ್ಣನ್ನು ಸ್ವಲ್ಪ ತೆರೆದು ಮೇಷ್ಟ್ರನ್ನು ನೋಡಿದಳು. ಅಕ್ಕನೂ ನೋಡಿದಳು. ಇದಕ್ಕಿಂತ ಒಳ್ಳೇ ಹೊತ್ತು ಇನ್ನೆಲ್ಲಿ ಸಿಗಬೇಕು? ಕೇಳುವವರೂ ಇದ್ದರು, ಕಾಯುವವಳೂ ಇದ್ದಳು.

ಮೇಷ್ಟ್ರು ಸಾಹೇಬರ ಕಡೆಗೆ ತಿರುಗಿದರು. "ಕದ್ದು ತಿಂದಿದ್ಲಲ್ಲ ಸಾರ್. ಬೆಳಿಗ್ಗೆ ಅದನ್ನ ಇಳಿಸೋಕೆ ಹೋಗಿ ಮೈ ಸೋತುಹೋಗಿತ್ತು. ಕೊನೇಲಿ ಕೈ ಏಳ್ಲಿಲ್ಲ."

"ಥೂ ನಿಮ್ಮ ಜನ್ಮಕ್ಕೆ!" ಅಕ್ಕ ಮುಂದೆ ಬಂದಳು. "ಸಾರ್, ನಾನು ಹೇಳ್ತೀನಿ ಕೇಳಿ..."

ಹುಡುಗಿ ಅವಳ ಕೈ ಹಿಡಿದು ತಡೆದಳು.

"ಹೌದೇನಮ್ಮ?" ಸಾಹೇಬರು ಹುಡುಗಿಯನ್ನು ಕೇಳಿದರು. "ತಿಂದಿದ್ಯಾ?"

ಬಿಸಿ ಹಬೆಯಲ್ಲಿ, ಹಗ್ಗದ ಏಟಿನಲ್ಲಿ, ಕತ್ತರಿಯ ಕೆಳಗೆ, ಜಪ್ಪಯ್ಯ ಅಂದರೂ ಒಪ್ಪದ ಹುಡುಗಿ. ಒಂದು ಚೂರೂ ತಡವರಿಸದೆ ಹೇಳಿದಳು:

"ಹೌದು ಸಾರ್, ತಿಂದಿದ್ದೆ. ಮೇಷ್ಟ್ರು ಹೇಳಿದ್ದೇ ಸರಿ."

ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳು ಅವರನ್ನು ಮೇಷ್ಟ್ರು ಅಂದದ್ದಿಲ್ಲ.

"ಲೇ," ಅಂದರು ಮೇಷ್ಟ್ರು, "ಅಲ್ವೇ... ನೀನು ತಿಂದಿರ್ಲಿಲ್ಲ ಕಣೇ. ಸಾರ್, ಇವಳು ತಿಂದಿರ್ಲಿಲ್ಲ. ಮಿಷನ್ನು ಕಾರ್ಪೆಟ್ಟಿನ ಮೇಲಿತ್ತು. ನಾನೇ... ನಾನೇ ಸಾರ್..."

ಸಾಹೇಬರಿಗೆ ತಲೆಬುಡ ಅರ್ಥವಾಗಲಿಲ್ಲ. "ಅವಳೇ ಒಪ್ಕೊಂಡ ಮೇಲೆ ನಿಮ್ದೇನ್ರೀ? ನಿಮ್ಮ ಮನೆ ಹುಡುಗಿ ಅಂತ ಮುಚ್ಚಿ ಹಾಕ್ಬೇಡಿ," ಅಂತ ಗದರಿ ಹೊರಟುಹೋದರು. ತಂಡದವರೂ ಒಬ್ಬೊಬ್ಬರಾಗಿ ಚದುರಿದರು.

"ನಾನು ಹೇಳಿದ್ನಲ್ಲೇ," ಅಂದರು ಮೇಷ್ಟ್ರು. "ಈಗ ಹೇಳಿದ್ನಲ್ಲ. ಮಾವ ಅನ್ನೇ ಒಂದ್ಸಲ."

ಹುಡುಗಿ ಅಕ್ಕನ ಹೆಗಲು ಹಿಡಿದು ಮೆಲ್ಲಗೆ ಎದ್ದು ನಿಂತಳು. ಮೇಷ್ಟ್ರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.

"ಸ್ವಲ್ಪ ದಾರಿ ಬಿಡಿ ಮೇಷ್ಟ್ರೇ," ಅಂದಳು.